ಮುಂದಿನ ವರ್ಷದ ಪ್ಲಾನ್ ಆಮೇಲೆ, ಮೊದ್ಲು ಹಿಂದಿನ ವರ್ಷದ ಕ್ಯಾಲೆಂಡರ್ ತೆಗೀರಿ

ವರ್ಷ ಮುಗೀತಾ ಬಂತು ಅಂದ್ರೆ ಸುಮಾರು ಜನ ಸೀದಾ ಮುಂದಿನ ವರ್ಷದ ಪಟ್ಟಿ ಬರೆಯೋಕೆ ಕೂರ್ತಾರೆ, ಹೊಸ ಕೋರ್ಸು, ಪ್ರಮೋಷನ್ನು, ನಾಲ್ಕು ಜನರ ಪರಿಚಯ ಮಾಡ್ಕೋಬೇಕು, ಹಿಂಗೆ. ನಾನೂ ಎಷ್ಟೋ ವರ್ಷ ಹಂಗೇ ಬರೀತಿದ್ದೆ. ಒಂದ್ಸಲ ಹಳೇ ಮೂರು ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದಾಗ ಅದರಲ್ಲಿ ನಾಲ್ಕು ಸಾಲು ಮೂರು ವರ್ಷದಿಂದ ಒಂದಕ್ಷರಾನೂ ಬದಲಾಗಿರ್ಲಿಲ್ಲ, ಬೇಜಾರಾಯ್ತು. ಆವತ್ತಿಂದ ನನ್ನ ಟೈಮಲ್ಲಿ ಮುಕ್ಕಾಲು ಪಾಲು ಹಿಂದೆ ತಿರುಗಿ ನೋಡೋಕೇ ಇಡ್ತೀನಿ, ಅದು ಸರಿಯಾಗಿ ಆದ್ರೆ ಮುಂದಿನ ಪ್ಲಾನ್ ಅರ್ಧ ತಾನಾಗೇ ಗೊತ್ತಾಗುತ್ತೆ.

ಇಲ್ಲಿ ಮುಖ್ಯವಾದ ಮಾತು ಏನಂದ್ರೆ ನೆನಪನ್ನ ನಂಬ್ಕೊಂಡು ಕೂರಬೇಡಿ. 1993ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತೆ ಅವರ ಜೊತೆಯವರು ಒಂದು ಪ್ರಯೋಗ ಮಾಡಿದ್ರು, ಜನರ ಕೈನ 14 ಡಿಗ್ರಿ ತಣ್ಣೀರಲ್ಲಿ 60 ಸೆಕೆಂಡ್ ಇಡಿಸಿದ್ರು, ಇನ್ನೊಂದ್ಸಲ ಅದೇ 60 ಸೆಕೆಂಡ್ ಆದ್ಮೇಲೆ ಮತ್ತೆ 30 ಸೆಕೆಂಡ್ ಇಡಿಸಿ ನೀರನ್ನ ಒಂಚೂರು ಬೆಚ್ಚಗೆ ಮಾಡಿದ್ರು, ಎರಡರಲ್ಲಿ ಯಾವುದನ್ನ ಇನ್ನೊಂದ್ಸಲ ಮಾಡ್ತೀರಿ ಅಂತ ಕೇಳಿದ್ರೆ ಹೆಚ್ಚಿನವರು ಜಾಸ್ತಿ ಹೊತ್ತಿನದನ್ನೇ ಆರಿಸ್ಕೊಂಡ್ರು. ಒಟ್ಟು ನೋವು ಅದರಲ್ಲೇ ಜಾಸ್ತಿ, ಆದ್ರೆ ಕೊನೆ ಸ್ವಲ್ಪ ಹಿತವಾಗಿತ್ತು. ನಮ್ಮ ವರ್ಷದ ಲೆಕ್ಕಾನೂ ಹಿಂಗೇ ತಪ್ಪುತ್ತೆ. ಕೊನೇ ತಿಂಗಳಲ್ಲಿ ಬಾಸ್ ಒಂದು ಮಾತು ಬೈದ್ರೆ ಇಡೀ ವರ್ಷ ಹಾಳಾಯ್ತು ಅನ್ಸುತ್ತೆ, ಫೆಬ್ರವರಿಯಲ್ಲಿ ರಾತ್ರಿ ಹಗಲು ಕೂತು ಮುಗಿಸಿದ ಕೆಲಸ ತಲೇಲೇ ಇರಲ್ಲ.

ಅದಕ್ಕೆ ಎರಡು ಗಂಟೆ ಬಿಡುವು ಮಾಡ್ಕೊಳ್ಳಿ, ತಿಂಗಳಿಗೊಂದು ಹಾಳೆ ಅಂತ 12 ಹಾಳೆ ಇಟ್ಕೊಳ್ಳಿ. ಕ್ಯಾಲೆಂಡರ್ ತೆರೆದು ಜನವರಿಯಿಂದ ಬನ್ನಿ. ಆಮೇಲೆ ನೀವು ಕಳಿಸಿದ ಮೇಲ್‌ಗಳು, ಇನ್‌ಬಾಕ್ಸ್ ಅಲ್ಲ, ಯಾಕಂದ್ರೆ ಇನ್‌ಬಾಕ್ಸಲ್ಲಿ ಇರೋದು ಬೇರೆಯವರು ನಿಮ್ಮಿಂದ ಏನು ಕೇಳಿದ್ರು ಅನ್ನೋದು, ನೀವು ನಿಜವಾಗ್ಲೂ ಏನು ಮಾಡಿದ್ರಿ ಅನ್ನೋದು ಕಳಿಸಿದ್ದರಲ್ಲೇ ಸಿಗೋದು. ನಿಮ್ಮದು ಕಂಪ್ಯೂಟರ್ ಮುಂದೆ ಕೂರೋ ಕೆಲಸ ಅಲ್ಲ ಅಂದ್ರೆ ಬಿಲ್ ಪುಸ್ತಕ, ಡೈರಿ, ಫೋನಲ್ಲಿರೋ ಫೋಟೋಗಳು, ಎಲ್ಲಾನೂ ತಾರೀಖು ಹೇಳುತ್ತೆ. ತಿಂಗಳಿಗೆ ಮೂರ್ನಾಲ್ಕು ಸಾಲು ಸಾಕು, ಏನು ನಡೀತು ಅಂತ ಮಾತ್ರ ಬರೀರಿ, ಒಳ್ಳೇದು ಕೆಟ್ಟದ್ದು ಅಂತ ತೀರ್ಪು ಈಗ್ಲೇ ಬೇಡ. ಹುಷಾರಿಲ್ಲದೆ ಮಲಗಿದ್ದು, ಮಗು ಆಗಿದ್ದು, ಅಪ್ಪ ಅಮ್ಮನ್ನ ನೋಡ್ಕೊಂಡಿದ್ದು, ಇದನ್ನೂ ಬರೀಲೇಬೇಕು. ಆ ತಿಂಗಳುಗಳು ಖಾಲಿ ಇರ್ಲಿಲ್ಲ, ನಿಮ್ಮ ಶಕ್ತಿ ಅಲ್ಲಿಗೆ ಹೋಗಿತ್ತು ಅಷ್ಟೇ, ದಯವಿಟ್ಟು ಅದಕ್ಕೆ ನಿಮ್ಮನ್ನ ನೀವೇ ಬೈಕೋಬೇಡಿ.

ಈಗ ಮತ್ತೆ ಮೊದಲಿಂದ ಓದ್ಕೊಂಡು ಬನ್ನಿ, ಕೈಯಲ್ಲಿ ಪೆನ್ ಇರ್ಲಿ. ಯಾರೂ ಹೇಳದಿದ್ರೂ ಇನ್ನೊಂದ್ಸಲ ಮಾಡ್ತೀನಿ ಅನ್ನಿಸೋ ಕೆಲಸಕ್ಕೆ ಒಂದು ಗುರುತು, ಮುಗಿದ್ರೆ ಸಾಕಪ್ಪಾ ಅಂತ ಮಾಡಿದ್ದಕ್ಕೆ ಇನ್ನೊಂದು. ಮೂರನೇ ಗುರುತು ನನ್ನ ಪ್ರಕಾರ ಎಲ್ಲಕ್ಕಿಂತ ಬೆಲೆ ಬಾಳೋದು: ಬೇರೆಯವರು ನಿಮ್ಮನ್ನ ಹುಡುಕ್ಕೊಂಡು ಬಂದು ಕೇಳಿದ್ದು ಯಾವುದು? ನಾನು ಒಂದು ವರ್ಷ ನನ್ನ ದೊಡ್ಡ ಸಾಧನೆ ಅಂದ್ರೆ ಒಂದು ಪ್ರಾಜೆಕ್ಟ್ ಅಂದ್ಕೊಂಡಿದ್ದೆ, ಹಾಳೆ ನೋಡಿದ್ರೆ 12ರಲ್ಲಿ ಎಂಟು ತಿಂಗಳು ಬೇರೆ ಟೀಮಿನವರು ನನ್ನ ಹತ್ರ ಬಂದು ಈ ರಿಪೋರ್ಟನ್ನ ಕಸ್ಟಮರ್‌ಗೆ ಅರ್ಥ ಆಗೋ ಹಂಗೆ ಬರೆದುಕೊಡಿ ಅಂತ ಕೇಳಿದ್ದಾರೆ, ಅದು ನನ್ನ ಕೆಲಸದ ಪಟ್ಟೀಲೇ ಇರ್ಲಿಲ್ಲ, ನಾನೂ ಅದನ್ನ ಕೆಲಸ ಅಂತ ಲೆಕ್ಕಕ್ಕೇ ತಗೊಂಡಿರ್ಲಿಲ್ಲ. ಮುಂದಿನ ವರ್ಷ ಅದನ್ನೇ ಕೇಳಿ ಪಡ್ಕೊಂಡೆ.

ಕೈಕೊಟ್ಟ ಕೆಲಸಗಳನ್ನ ನೋಡುವಾಗ ಸ್ವಲ್ಪ ಜೋಪಾನ. ರಿಸಲ್ಟ್ ಗೊತ್ತಾದ ಮೇಲೆ "ಇದು ಮೊದ್ಲೇ ಗೊತ್ತಿತ್ತು" ಅಂತ ಮನಸ್ಸು ಸುಳ್ಳು ಹೇಳುತ್ತೆ, ಇದನ್ನ ಬರೂಕ್ ಫಿಶ್‌ಹಾಫ್ ಅನ್ನೋ ಮನಶ್ಶಾಸ್ತ್ರಜ್ಞರು 1975ರಲ್ಲೇ ಪ್ರಯೋಗ ಮಾಡಿ ತೋರಿಸಿದ್ರು. ಅದಕ್ಕೆ ಆವತ್ತು ನನಗೆ ಏನು ಗೊತ್ತಿತ್ತು, ಏನು ನಿರ್ಧಾರ ತಗೊಂಡೆ, ಏನಾಯ್ತು, ಈ ಮೂರನ್ನೂ ಬೇರೆ ಬೇರೆ ಬರೀರಿ. ಗೊತ್ತಿದ್ದದ್ದು ಇಟ್ಕೊಂಡು ನೋಡಿದ್ರೆ ನಿರ್ಧಾರ ಸರಿ ಇತ್ತು ಅಂದ್ರೆ ಬಿಟ್ಟಾಕಿ, ಕೇಳಬೇಕಾಗಿದ್ದನ್ನ ಕೇಳ್ದೇ ಹೋದೆ ಅಂತಿದ್ರೆ ಅದು ಕಲಿಯೋ ವಿಷಯ. ಮ್ಯಾನೇಜ್‌ಮೆಂಟ್ ಬಗ್ಗೆ ಬರೀತಿದ್ದ ಪೀಟರ್ ಡ್ರಕರ್ ಒಂದು ರೂಢಿ ಇಟ್ಕೊಂಡಿದ್ರು, ದೊಡ್ಡ ನಿರ್ಧಾರ ತಗೊಂಡಾಗ ಏನಾಗುತ್ತೆ ಅಂತ ತಾವು ಅಂದ್ಕೊಂಡಿದ್ದನ್ನ ಬರೆದಿಟ್ಟು, 9ರಿಂದ 12 ತಿಂಗಳಾದ ಮೇಲೆ ತೆಗೆದು ಹೋಲಿಸಿ ನೋಡ್ತಿದ್ರು. ಈ ವರ್ಷ ನೀವೂ ಶುರು ಮಾಡಿ, ಮುಂದಿನ ಸಲ "ಆವತ್ತು ಏನು ಅಂದ್ಕೊಂಡಿದ್ದೆ" ಅಂತ ತಡಕಾಡಬೇಕಾಗಿಲ್ಲ.

ಈಗ ಪ್ಲಾನ್. ಒಂದೇ ಒಂದು ವಿಷಯ ಆರಿಸ್ಕೊಳ್ಳಿ, ಮೊದಲನೇ ಗುರುತು ಮೂರನೇ ಗುರುತು ಎರಡೂ ಬಿದ್ದಿರೋ ಕಡೆಯಿಂದ. ಎಷ್ಟು ಟೈಮ್ ಬೇಕು ಅಂತ ಅಂದಾಜು ಮಾಡುವಾಗ ಮನಸ್ಸನ್ನ ಕೇಳಬೇಡಿ, ಹಾಳೇನ ಕೇಳಿ. ಎಲ್ಲಾ ಸರಾಗವಾಗಿ ನಡೆಯುತ್ತೆ ಅಂದ್ಕೊಂಡು ನಾವು ಯಾವಾಗ್ಲೂ ಕಮ್ಮಿ ಟೈಮ್ ಹಾಕ್ಕೊಳ್ತೀವಿ, ಕಾಹ್ನೆಮನ್ ಮತ್ತೆ ಅವರ ಜೊತೆ ಕೆಲಸ ಮಾಡ್ತಿದ್ದ ಏಮೋಸ್ ಟ್ವರ್ಸ್ಕಿ 1979ರಲ್ಲೇ ಇದಕ್ಕೊಂದು ಹೆಸರೂ ಇಟ್ಟಿದ್ದಾರೆ, ಪ್ಲಾನಿಂಗ್ ಫ್ಯಾಲಸಿ ಅಂತ. ಹೋದ ಸಲ ಮೂರು ತಿಂಗಳು ಅಂದ್ಕೊಂಡ ಕೋರ್ಸ್ ಏಳು ತಿಂಗಳು ಹಿಡಿದಿದ್ರೆ ಈ ಸಲಾನೂ ಏಳು ಅಂತಾನೇ ಬರೀರಿ. ಆ ಟೈಮ್ ಎಲ್ಲಿಂದ ಬರುತ್ತೆ ಅನ್ನೋದನ್ನೂ ಪಕ್ಕದಲ್ಲೇ ಬರೀರಿ, ಎರಡನೇ ಗುರುತು ಬಿದ್ದಿರೋ ಕೆಲಸಗಳಲ್ಲಿ ಒಂದನ್ನಾದ್ರೂ ಬಿಡಬೇಕು, ಇಲ್ಲಾ ಬೇರೆಯವರಿಗೆ ಕೊಡಬೇಕು. "ಬಿಡುವಾದಾಗ ಓದ್ತೀನಿ" ಅನ್ನೋದು ಆಗಲ್ಲ, "ಮಂಗಳವಾರ ಬೆಳಗ್ಗೆ ಮೇಲ್ ತೆರೆಯೋಕೆ ಮುಂಚೆ ಅರ್ಧ ಗಂಟೆ" ಅನ್ನೋದು ಆಗುತ್ತೆ.

ಮ್ಯಾನೇಜರ್ ಹತ್ರ ಹೋಗೋದಾದ್ರೆ 12 ಹಾಳೇನ ಒಂದು ಪುಟಕ್ಕೆ ಇಳಿಸಿ ತಗೊಂಡು ಹೋಗಿ. ಗ್ರೋತ್ ಬೇಕು ಸರ್ ಅಂದ್ರೆ ಅವರಿಗೂ ಏನು ಹೇಳ್ಬೇಕು ಅಂತ ಗೊತ್ತಾಗಲ್ಲ. "ನಾನು ಮುಂದಿನ ಲೆವೆಲ್‌ಗೆ ರೆಡಿ ಅಂತ ನಿಮಗೆ ಅನ್ನಿಸ್ಬೇಕಂದ್ರೆ ನನ್ನ ಕೆಲಸದಲ್ಲಿ ಏನು ಕಾಣಬೇಕು ಮೇಡಂ?" ಅಂತ ಕೇಳಿ ಸುಮ್ನೆ ಕೂತ್ಕೊಳ್ಳಿ. ಅವರು ಹೇಳಿದ್ದನ್ನ ಅವರ ಮಾತಲ್ಲೇ ಬರ್ಕೊಂಡು ಆವತ್ತು ಸಂಜೇನೇ ಮೇಲ್ ಹಾಕಿ, ನಾವಿಬ್ರೂ ಮಾತಾಡಿದ್ದು ಇದು ಅಂತ.

ಆಮೇಲೆ ಕ್ಯಾಲೆಂಡರಲ್ಲಿ ಪ್ರತಿ ತಿಂಗಳ ಕೊನೇ ಶುಕ್ರವಾರ 15 ನಿಮಿಷ ಹಾಕ್ಕೊಂಡ್ಬಿಡಿ, ಆ ತಿಂಗಳ ಮೂರ್ನಾಲ್ಕು ಸಾಲು ಅವಾಗವಾಗ್ಲೇ ಬರೆದಿಟ್ರೆ ಮುಂದಿನ ವರ್ಷ ಹಳೇ ಮೇಲ್ ಅಗೆಯೋ ಕೆಲಸಾನೇ ಇರಲ್ಲ.