ಅಜ್ಜನಪಟ್ಟೆ: ವಿಷದ ಮರದ ಹೆಸರು ಬಿಡಿಸಿ ನೋಡುವುದು ಹೇಗೆ?

ಹೋದ ವರ್ಷದ ಮರಗಸಿ ಸಮಯ, ಅಂದರೆ ಕಾಫಿ ತೋಟದ ನೆರಳಿನ ಮರಗಳ ಕೊಂಬೆ ಸವರುವ ಕಾಲ. ಮಳೆ ಹಿಡಿಯುವ ಮುಂಚೆ ಮುಗಿಸಬೇಕೆಂದು ತೋಟದಲ್ಲಿ ಗಡಿಬಿಡಿ. ತೋಡಿನ ಪಕ್ಕದ ಒಂದು ದೊಡ್ಡ ಮರದ ಬುಡಕ್ಕೆ ಬಂದಾಗ ಕೊಂಬೆ ಕಡಿಯುವ ಹಿರಿಯರು ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿ ನಿಂತುಬಿಟ್ಟರು. "ಇದು ಅಜ್ಜನಪಟ್ಟೆ ಅಲ್ವಾ ಸಾರ್. ಇದರ ಹಾಲು ಗಾಯಕ್ಕೆ ತಾಗಬಾರದು" ಎಂದರು. ಮರುಕ್ಷಣವೇ, "ನಮ್ಮ ಅಜ್ಜಿ ಇದರ ಚೀಲದಲ್ಲೇ ಅಕ್ಕಿ ಇಡ್ತಿದ್ರು" ಎಂದರು.

ಹಾಲು ವಿಷ, ಅದೇ ಮರದ ಚೀಲದಲ್ಲಿ ಅಕ್ಕಿ! ಇದು ಹೇಗೆ ಎಂದು ಕೇಳಿದ್ದಕ್ಕೆ ನಕ್ಕರು, ಅಷ್ಟೇ. ಉತ್ತರ ಸಿಕ್ಕಿದ್ದು ಮರದ ಹೆಸರುಗಳನ್ನು ಒಂದೊಂದಾಗಿ ಬಿಡಿಸಿದ ಮೇಲೆ. ನಿಮ್ಮ ತೋಟದಲ್ಲೂ ಇಂಥ ಮರ ಇದ್ದರೆ ನೀವೂ ಹೀಗೆ ಮಾಡಿ ನೋಡಬಹುದು.

ಹೆಜ್ಜೆ 1: ಮರ ಅದೇ ಹೌದಾ ನೋಡಿ

ಹೆಸರಿಗಿಂತ ಮೊದಲು ಮರ. ಅಜ್ಜನಪಟ್ಟೆ ನೇರವಾಗಿ ಬೆಳೆಯುವ ಮರ, 40 ಮೀಟರ್‌ವರೆಗೂ ಹೋಗುತ್ತದೆ. ತೊಗಟೆ ನುಣುಪು, ಬೂದಿ ಬಣ್ಣ. ವಯಸ್ಸಾದ ಮರದ ಬುಡದಲ್ಲಿ ಹಲಗೆಯಂಥ ಬೇರುಗಳು ಎದ್ದಿರುತ್ತವೆ. ಎಲೆ ಉದ್ದುದ್ದ, ಮುಟ್ಟಿದರೆ ಸ್ವಲ್ಪ ಒರಟು. ಎಲೆಯ ಬುಡ ಎರಡೂ ಕಡೆ ಒಂದೇ ಸಮ ಇರುವುದಿಲ್ಲ. ಹಣ್ಣು ಚಿಕ್ಕದು, ಕೆಂಪು, ಮೇಲೆ ಮಖಮಲ್ಲಿನಂಥ ನವಿರು. ಹಕ್ಕಿ, ಬಾವಲಿ, ಮಂಗ ಇದನ್ನು ತಿನ್ನುತ್ತವೆ.

ಹಾಲು ಬರುತ್ತಾ ನೋಡೋಣ ಎಂದು ಕತ್ತಿ ಹಾಕಲು ಹೋಗಬೇಡಿ. ಹಾಲು ಬಂದರೂ ಏನೂ ಗೊತ್ತಾಗುವುದಿಲ್ಲ. ಇದು ಹಲಸು, ಆಲ, ಅತ್ತಿಗಳ ಕುಟುಂಬದ್ದೇ. ಆ ಮನೆಯಲ್ಲಿ ಎಲ್ಲರಿಗೂ ಹಾಲಿದೆ.

ಚೇರೆ ಮರದ ಜೊತೆ ಇದನ್ನು ಬೆರೆಸಬೇಡಿ. ಚೇರೆ ಗೇರು, ಮಾವಿನ ಕುಟುಂಬದ್ದು. ಅದರ ಸೊನೆ ತಾಗಿದರೆ ಮೈ ಸುಟ್ಟಂತೆ ಬೊಕ್ಕೆ ಏಳುತ್ತದೆ, ಅದಕ್ಕೇ ನಮ್ಮಲ್ಲಿ ಅದರ ಭಯ ಜಾಸ್ತಿ. ಅಜ್ಜನಪಟ್ಟೆಯ ಕಥೆ ಬೇರೆ, ಅದರ ವಿಷ ರಕ್ತಕ್ಕೆ ಸೇರಿದರೆ ಅಪಾಯ.

ಹೆಜ್ಜೆ 2: ಅರ್ಥ ಕೇಳಬೇಡಿ, ಉಪಯೋಗ ಕೇಳಿ

"ಈ ಹೆಸರಿಗೆ ಅರ್ಥ ಏನು?" ಎಂದು ಕೇಳಿದರೆ ಹಿರಿಯರು ಪರೀಕ್ಷೆಗೆ ಕೂತವರಂತೆ ಮುಖ ಮಾಡುತ್ತಾರೆ. ಕೆಲವರು ಪಾಪ, ನಿಮ್ಮನ್ನು ಬರಿಗೈಯಲ್ಲಿ ಕಳಿಸಬಾರದು ಎಂದು ಸುಮ್ನೆ ಏನೋ ಒಂದು ಕಟ್ಟಿ ಹೇಳುತ್ತಾರೆ. "ಇದರಿಂದ ಏನು ಮಾಡ್ತಿದ್ರಿ?" ಎಂದು ಕೇಳಿ. ಮಾತು ತಾನಾಗಿ ಬರುತ್ತದೆ.

ಹೆಜ್ಜೆ 3: ಪದ ಒಡೆಯಿರಿ

ಅಜ್ಜನ ಪಟ್ಟೆ. ಪಟ್ಟೆ ಎಂದರೆ ಮರದ ತೊಗಟೆ. ಪಟ್ಟೆ ಸೀರೆ, ಪಟ್ಟೆ ಮಡಿ ಎನ್ನುವಾಗ ಅದೇ ಪಟ್ಟೆ ಬಟ್ಟೆಯಾಗುತ್ತದೆ. ಮರದ ಚರ್ಮಕ್ಕೂ ಮನುಷ್ಯನ ಬಟ್ಟೆಗೂ ಒಂದೇ ಪದ. ಈ ಮರದ ಮಟ್ಟಿಗೆ ಎರಡೂ ನಿಜ.

ಚೀಲ ಮಾಡುತ್ತಿದ್ದ ರೀತಿ ಕೇಳಿ. ಎಷ್ಟು ದಪ್ಪದ, ಎಷ್ಟು ಉದ್ದದ ಚೀಲ ಬೇಕೋ ಅಷ್ಟೇ ದಪ್ಪದ, ಅಷ್ಟೇ ಉದ್ದದ ಕೊಂಬೆಯ ತುಂಡು ಕಡಿಯುವುದು. ನೀರಲ್ಲಿ ನೆನೆಸುವುದು. ಆಮೇಲೆ ಸುತ್ತಲೂ ದೊಣ್ಣೆಯಿಂದ ಬಡಿಯುವುದು. ಬಡಿದೂ ಬಡಿದೂ ತೊಗಟೆಯ ನಾರು ಒಳಗಿನ ಕಟ್ಟಿಗೆಯಿಂದ ಬಿಡುತ್ತದೆ. ಆಗ ಕಾಲುಚೀಲ ಬಿಚ್ಚುವ ಹಾಗೆ ಒಳಮೈ ಹೊರಗೆ ಬರುವಂತೆ ತೊಗಟೆಯನ್ನು ಮಗುಚುತ್ತಾ ಎಳೆಯುವುದು. ಕೊನೆವರೆಗೂ ಎಳೆಯುವುದಿಲ್ಲ. ತುದಿಯಲ್ಲಿ ಒಂದು ಬಿಲ್ಲೆಯಷ್ಟು ಕಟ್ಟಿಗೆ ಉಳಿಸಿ ಮಿಕ್ಕಿದ್ದನ್ನು ಗರಗಸದಿಂದ ಕೊಯ್ದು ತೆಗೆಯುವುದು. ಉಳಿದ ಬಿಲ್ಲೆಯೇ ಚೀಲದ ತಳ. ಹೊಲಿಗೆಯೇ ಇಲ್ಲದ ಚೀಲ! ಅಕ್ಕಿ ತುಂಬಿ ನಿಲ್ಲಿಸಿದರೆ ಡಬ್ಬದ ಹಾಗೆ ನಿಲ್ಲುತ್ತದೆ. ನಾರನ್ನು ಸರಿಯಾಗಿ ಹದ ಮಾಡದಿದ್ದರೆ ಮಾತ್ರ ಮೈಗೆ ತಾಗಿದಾಗ ವಿಪರೀತ ತುರಿಕೆ.

ಇನ್ನು ಆ ಅಜ್ಜ ಯಾರು? ಯಾವ ಒಬ್ಬ ಅಜ್ಜನೂ ಅಲ್ಲ, ಅಜ್ಜಂದಿರ ಕಾಲದ ಬಟ್ಟೆ ಎಂದೇ ನಾನು ಓದಿಕೊಂಡಿದ್ದೇನೆ. ನಿಮ್ಮೂರಲ್ಲಿ ಬೇರೆ ಕಥೆ ಇದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ.

ಹೆಜ್ಜೆ 4: ಪಕ್ಕದ ಭಾಷೆ ಕೇಳಿ, ಆದರೆ ಕಿವಿ ನಂಬಬೇಡಿ

ಕೊಡಗಿನ ಗಡಿಯ ಕುಟ್ಟ, ಮಾಕುಟ್ಟ ದಾಟಿ ಕೇರಳಕ್ಕೆ ಹೋದರೆ ಮಲಯಾಳದಲ್ಲಿ ಇದಕ್ಕೆ ಮರವುರಿ ಎಂಬ ಹೆಸರೂ ಇದೆ. ನಾನು ಮೊದಲು ಕೇಳಿದಾಗ 'ಮರ' 'ಉರಿ' ಎಂದು ಒಡೆದು, ಮುಟ್ಟಿದರೆ ಉರಿಯುವ ಮರ ಎಂದು ಖುಷಿಯಾಗಿ ಬರೆದುಕೊಂಡೆ. ಶುದ್ಧ ತಪ್ಪು. ಮಲಯಾಳದ ಮರವುರಿ ಎಂದರೆ ನಮ್ಮ ನಾರುಮಡಿ, ಕಾಡಿಗೆ ಹೋದ ರಾಮ ಉಟ್ಟನಲ್ಲ, ಅದು. ಅಲ್ಲಿನ 'ಉರಿ' ಸುಲಿಯುವ ಉರಿ, ಸುಡುವ ಉರಿ ಅಲ್ಲ. ಪಕ್ಕದ ಭಾಷೆಯ ಪದವನ್ನು ಆ ಭಾಷೆಯವರ ಬಾಯಲ್ಲೇ ಬಿಡಿಸಬೇಕು.

ಅಲ್ಲಿಗೆ ಘಟ್ಟದ ಈಚೆಗೂ ಆಚೆಗೂ ಹೆಸರಿನಲ್ಲಿ ಇರುವುದು ಬಟ್ಟೆಯೇ. ವಿಷದ ಸುದ್ದಿಯೇ ಇಲ್ಲ.

ಹೆಜ್ಜೆ 5: ಲ್ಯಾಟಿನ್ ಹೆಸರು ತೆರೆಯಿರಿ

ಇದರ ಈಗಿನ ಶಾಸ್ತ್ರೀಯ ಹೆಸರು ಆಂಟಿಯಾರಿಸ್ ಟಾಕ್ಸಿಕೇರಿಯಾ. ಮೊದಲ ಪದ ಜಾವಾ ದ್ವೀಪದವರು ಮರವನ್ನು ಕರೆಯುವ 'ಅಂಚಾರ್'ನಿಂದ ಬಂದದ್ದು. ಎರಡನೆಯದರ ಬೇರು ಗ್ರೀಕಿನ 'ಟಾಕ್ಸಾನ್', ಅಂದರೆ ಬಿಲ್ಲು. ಬಾಣಕ್ಕೆ ಹಚ್ಚುವ ವಿಷಕ್ಕೆ ಬಿಲ್ಲಿನ ಹೆಸರು ಅಂಟಿಕೊಂಡಿತು, ಆಮೇಲೆ ಎಲ್ಲ ವಿಷಕ್ಕೂ ಅದೇ ಹೆಸರಾಯಿತು. ಫ್ರಾನ್ಸಿನ ಲೆಷನೋ ಎಂಬ ಸಸ್ಯಶಾಸ್ತ್ರಜ್ಞ ಜಾವಾದಲ್ಲಿ ಮರ ನೋಡಿ ಬಂದು 1810ರಲ್ಲಿ ಈ ಹೆಸರು ಕೊಟ್ಟ.

ಅದೇ ಮರವನ್ನು ನಮ್ಮ ಪಶ್ಚಿಮ ಘಟ್ಟದ ಕಡೆ ನೋಡಿದವರು ಇಟ್ಟ ಹೆಸರು ಬೇರೆ. 1839ರಲ್ಲಿ ಅಚ್ಚಾದ ಮುಂಬೈ ಸೀಮೆಯ ಗಿಡಮರಗಳ ಪಟ್ಟಿಯಲ್ಲಿ ಇದು ಲೆಪುರಾಂಡ್ರಾ ಸ್ಯಾಕ್ಸಿಡೋರಾ. ಸ್ಯಾಕ್ಸಿಡೋರಾ ಎಂದರೆ ಚೀಲ ಕೊಡುವವಳು! ಜಾವಾದಲ್ಲಿ ಕಂಡವನಿಗೆ ಬಾಣ ಕಂಡಿತು, ಇಲ್ಲಿ ಕಂಡವನಿಗೆ ಅಕ್ಕಿಚೀಲ ಕಂಡಿತು. ಎರಡೂ ಒಂದೇ ಮರ ಎಂದು ಆಮೇಲೆ ತಿಳಿದಾಗ ಹಳೆಯ ಹೆಸರೇ ಉಳಿಯಿತು. ನನಗೇನೋ ಇದು ನಮ್ಮ ಅಜ್ಜಿಯರಿಗೆ ಆದ ಅನ್ಯಾಯ ಅನಿಸುತ್ತದೆ.

ಹೆಜ್ಜೆ 6: ದೂರದ ಹೆಸರುಗಳನ್ನೂ ಜೋಡಿಸಿ

ಇಂಗ್ಲಿಷಿನವರು ಇದನ್ನು ಉಪಾಸ್ ಮರ ಎನ್ನುತ್ತಾರೆ. ನಮ್ಮ ಏಕಾದಶಿ ಉಪಾಸಕ್ಕೂ ಇದಕ್ಕೂ ಸಂಬಂಧವಿಲ್ಲ. ಜಾವಾ, ಮಲಯ ಭಾಷೆಗಳಲ್ಲಿ ಉಪಾಸ್ ಎಂದರೆ ವಿಷ. 1783ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಇದರ ಬಗ್ಗೆ ಭಾರೀ ಬುರುಡೆ ಬಿಟ್ಟಿತ್ತು: ಮರದ ಸುತ್ತ ಮೈಲುಗಟ್ಟಲೆ ಹುಲ್ಲೂ ಬೆಳೆಯುವುದಿಲ್ಲ, ಮರಣದಂಡನೆ ಆದವರನ್ನು ಅದರ ಹಾಲು ತರಲು ಕಳಿಸುತ್ತಾರೆ ಅಂತೆಲ್ಲ. ನಮ್ಮ ಮರದ ನೆರಳಲ್ಲಿ ಕಾಫಿ ಚೆನ್ನಾಗಿಯೇ ಬೆಳೆದಿದೆ.

ಮಲಯದಲ್ಲಿ ಇದು ಇಪೋ. ಮಲೇಷ್ಯಾದ ಪೆರಾಕ್ ರಾಜ್ಯದ ರಾಜಧಾನಿ ಇಪೋ ಊರಿಗೆ ಹೆಸರು ಬಂದದ್ದು ಇದೇ ಮರದಿಂದ. ಚೀನೀ ಭಾಷೆಯ ಹೆಸರಿಗೆ 'ರಕ್ತ ಕಂಡರೆ ಗಂಟಲು ಮುಚ್ಚಿತು' ಎಂಬ ಅರ್ಥ. ಎಲ್ಲಕ್ಕಿಂತ ಪಕ್ಕಾ ಎಚ್ಚರಿಕೆ ಇದೇ. ರಕ್ತಕ್ಕೆ ಸೇರಿದರೆ ಅಪಾಯ ಎಂಬುದನ್ನು ಹೆಸರಿನಲ್ಲೇ ಇಟ್ಟಿದ್ದಾರೆ.

ನಮ್ಮಲ್ಲೂ ಇಂಥ ಎರಡು ಮುಖದ ಪದ ಇದೆ. ಮದ್ದು. ಕೊಡಗಿನಲ್ಲಿ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಕುಡಿಯುತ್ತೇವೆ. 'ಅವನಿಗೆ ಯಾರೋ ಮದ್ದು ಹಾಕಿದ್ದಾರೆ' ಎಂದರೆ ಆ ಮದ್ದೇ ಬೇರೆ.

ಹೆಜ್ಜೆ 7: ಕತ್ತಿ ಹಿಡಿಯುವ ಮುಂಚೆ

ಹಾಲಿನಲ್ಲಿರುವ ಆಂಟಿಯಾರಿನ್ ಎಂಬ ವಿಷ ನೇರ ಹೃದಯದ ಬಡಿತಕ್ಕೇ ಕೈ ಹಾಕುತ್ತದೆ. ಹೃದಯದ ಕಾಯಿಲೆಗೆ ಕೊಡುವ ಡಿಜಾಕ್ಸಿನ್ ಕೂಡ ಇದೇ ಗುಂಪಿನದು. ಬೋರ್ನಿಯೋ ಕಾಡಿನ ಬೇಟೆಗಾರರು ಊದುಕೊಳವೆಯ ಬಾಣಕ್ಕೆ ಇದನ್ನು ಹಚ್ಚುತ್ತಾರೆ, ಹಾಗೆ ಹೊಡೆದ ಪ್ರಾಣಿಯನ್ನು ಬೇಯಿಸಿ ತಿನ್ನುತ್ತಾರೆ. ಹಾಗೆಂದು ನೀವು ನಾಲಿಗೆಗೆ ಮುಟ್ಟಿಸಿ ನೋಡಬೇಡಿ.

ಕೈಯಲ್ಲಿ ಗೀರು, ಗಾಯ ಇದ್ದವರು ಈ ಮರದ ಕೆಲಸಕ್ಕೆ ಬೇಡ. ಜಿಗಣೆ ಕಚ್ಚಿದ ಕಾಲೂ ಗಾಯವೇ, ಇದನ್ನು ಎಲ್ಲರೂ ಮರೆಯುತ್ತಾರೆ. ಕೈಗವಸು, ಕಣ್ಣಿಗೆ ಕನ್ನಡಕ, ತುಂಬುತೋಳಿನ ಅಂಗಿ ಇರಲಿ. ಹಾಲು ಸಿಡಿದರೆ ಧಾರಾಳ ನೀರಲ್ಲಿ ತೊಳೆಯಿರಿ. ಗಾಯಕ್ಕೆ ಅಥವಾ ಕಣ್ಣಿಗೆ ಬಿದ್ದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ, ಯಾವ ಮರ ಎಂದು ಡಾಕ್ಟರಿಗೆ ಹೇಳಿ. ಮರವನ್ನೇ ಕಡಿಯುವ ಯೋಚನೆ ಇದ್ದರೆ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ನಾವು ಕಡಿಯಲಿಲ್ಲ. ಅದಕ್ಕೆ ಕರಿಮೆಣಸಿನ ಬಳ್ಳಿಯನ್ನೂ ಹಬ್ಬಿಸಿಲ್ಲ, ವರ್ಷವರ್ಷ ಏಣಿ ಇಟ್ಟು ಹತ್ತುವವರು ಯಾರು? ತೋಟದ ನಕ್ಷೆಯಲ್ಲಿ ತೋಡಿನ ಪಕ್ಕ ಒಂದು ಗುಂಡು ಸುತ್ತಿ ಬರೆದಿದ್ದೇನೆ: ಅಜ್ಜನಪಟ್ಟೆ, ಚೀಲದ ಮರ. ಅದರ ಕೆಳಗೆ ಕೆಂಪು ಶಾಯಿಯಲ್ಲಿ: ಹಾಲು ಮುಟ್ಟಬೇಡಿ.