ಮನೇಲಿ ಐದು ನಾಯಿ ಸಾಕೋಕೆ ಪರ್ಮಿಟ್ ತಗೊಂಡಿದ್ದು: ನನ್ನ ಅನುಭವ

ನಮ್ಮನೇಲಿ ಐದು ನಾಯಿ ಆಗಿದ್ದು ಒಂದೇ ಸಲ ಅಲ್ಲ. ಮೊದಲು ಕರಿಯ, ಬೆಳ್ಳಿ ಎರಡೇ ಇದ್ವು. ಆಮೇಲೆ ಗುಂಡ, ಕಾಲು ಮುರ್ಕೊಂಡು ರಸ್ತೆ ಪಕ್ಕ ಬಿದ್ದಿದ್ದ, ವಾಸಿ ಆಗೋ ತನಕ ಇರ್ಲಿ ಅಂತ ಕರ್ಕೊಂಡ್ ಬಂದ್ವಿ, ವಾಸಿ ಆದ್ಮೇಲೆ ಕಳಿಸೋಕೆ ಮನಸ್ಸೇ ಬರ್ಲಿಲ್ಲ. ನಾಲ್ಕನೇದು ಚಿನ್ನಿ, ನಮ್ಮ ಸಂಬಂಧಿಕರೊಬ್ಬರು ತೀರ್ಕೊಂಡಾಗ ಅವರ ನಾಯಿನ ನೋಡ್ಕೊಳೋರು ಯಾರೂ ಇಲ್ದೆ ನಮ್ಮನೆಗೆ ಬಂತು. ಐದನೇದು ರಾಣಿ, ಬೇರೆ ಮನೆ ಸಿಗೋವರೆಗೂ ಫಾಸ್ಟರ್ ಅಂತ ಇಟ್ಕೊಂಡಿದ್ವಿ. ಒಂದೊಂದೂ ಬಂದಾಗ ಒಂದೊಂದು ಕಾರಣ ಇತ್ತು, ಒಟ್ಟು ಎಷ್ಟಾಯ್ತು ಅಂತ ನಾವು ಲೆಕ್ಕ ಹಾಕಿರ್ಲಿಲ್ಲ, ಲೆಕ್ಕ ಹಾಕಿದ್ದು ಸ್ಥಳೀಯ ಆಡಳಿತದ ಕಚೇರಿಯವರು. ಒಂದಿನ ನೋಟಿಸ್ ಬಂತು: ನಿಮ್ಮ ಏರಿಯಾದಲ್ಲಿ ಒಂದು ಮನೆಗೆ ಇಷ್ಟೇ ನಾಯಿ ಅಂತ ಮಿತಿ ಇದೆ, ನಿಮ್ಮ ಹತ್ರ ಅದಕ್ಕಿಂತ ಹೆಚ್ಚಿದಾವೆ ಅಂತ ದೂರು ಬಂದಿದೆ, ಇಂತಿಷ್ಟು ದಿನದೊಳಗೆ ಪರ್ಮಿಟ್‌ಗೆ ಅರ್ಜಿ ಹಾಕಿ ಇಲ್ಲಾ ಸಂಖ್ಯೆ ಕಮ್ಮಿ ಮಾಡಿ ಅಂತ.

ಆ ರಾತ್ರಿ ನಿದ್ದೆ ಬರ್ಲಿಲ್ಲ. ಕಮ್ಮಿ ಮಾಡಿ ಅಂದ್ರೆ ಯಾರನ್ನ ಕಳಿಸೋದು? ಅದಕ್ಕೇ ಇದನ್ನ ಬರೀತಿರೋದು, ಇದೇ ಸ್ಥಿತೀಲಿ ಇರೋರಿಗೆ ನಾನು ಮೂರು ತಿಂಗಳು ಒದ್ದಾಡಿ ಕಲ್ತಿದ್ದು ಮೊದಲೇ ಗೊತ್ತಿದ್ರೆ ಒಂದೂ ನಾಯಿನ ಬಿಟ್ಟುಕೊಡೋ ಪ್ರಸಂಗ ಬರದೇ ಇರಬಹುದು.

ಮೊದಲನೇ ಮಾತು, ನಿಯಮದ ಪಠ್ಯನ ನೀವೇ ಕೂತು ಓದಿ, ಯಾರೋ ಹೇಳಿದ್ದು ಕೇಳ್ಬೇಡಿ. ಮಿತಿ ಊರಿಂದ ಊರಿಗೆ ಬೇರೆ, ಕೆಲವು ಕಡೆ ಒಂದೇ ಊರಲ್ಲಿ ಜಾಗದ ಅಳತೆ ಮೇಲೆ ಬೇರೆ, ಕೆಲವು ಕಡೆ ಸಂಖ್ಯೆಯ ಮಿತಿನೇ ಇರಲ್ಲ, ಪಕ್ಕದವರಿಗೆ ತೊಂದ್ರೆ ಆಗ್ಬಾರ್ದು ಅಂತ ಮಾತ್ರ ಇರತ್ತೆ. ಓದೋವಾಗ ಮುಖ್ಯವಾಗಿ ನೋಡ್ಬೇಕಾದ್ದು, ಯಾವ್ಯಾವ ನಾಯಿ ಲೆಕ್ಕಕ್ಕೆ ಬರತ್ತೆ ಅನ್ನೋದು. ಸಾಮಾನ್ಯವಾಗಿ ಮರಿಗಳನ್ನ ಮೂರೋ ನಾಲ್ಕೋ ತಿಂಗಳು ತುಂಬೋವರೆಗೆ ಎಣಿಸಲ್ಲ, ಆದ್ರೆ ಫಾಸ್ಟರ್ ನಾಯಿನ ಎಷ್ಟೋ ಕಡೆ ಎಣಿಸ್ತಾರೆ, ರಾಣಿ ನಮ್ದಲ್ಲ ಅಂತ ನಾನು ವಾದ ಮಾಡಿದ್ದು ಅಲ್ಲೇ ಬಿದ್ದೋಯ್ತು. ಇನ್ನೊಂದು, ಮಿತಿ ಹಾಕೋದು ಮನೆಗೆ, ಮನುಷ್ಯರಿಗಲ್ಲ. ಎರಡು ನಾಯಿ ನನ್ನ ಹೆಸರಲ್ಲಿ, ಮೂರು ನಮ್ಮ ಮನೆಯವರ ಹೆಸರಲ್ಲಿ ಅಂತ ಹಂಚಿದ್ರೆ ಏನೂ ಪ್ರಯೋಜನ ಇಲ್ಲ, ವಿಳಾಸ ಒಂದೇ ತಾನೆ.

ಇಲ್ಲಿ ಮೂರು ಬೇರೆಬೇರೆ ಕಾಗದ ಇದಾವೆ, ಇದನ್ನ ನಾನು ಕಲಸಿಬಿಟ್ಟಿದ್ದೆ. ಪ್ರತಿ ನಾಯಿಗೂ ಮಾಡಿಸೋ ನೋಂದಣಿ ಒಂದು. ಮಿತಿಗಿಂತ ಹೆಚ್ಚು ನಾಯಿ ಸಾಕೋಕೆ ಮನೆಗೆ ಕೊಡೋ ಪರ್ಮಿಟ್ ಇನ್ನೊಂದು. ಕೆನಲ್ ಲೈಸೆನ್ಸ್ ಅನ್ನೋದು ಮೂರನೇದು, ಅದು ಮರಿ ಮಾಡ್ಸಿ ಮಾರೋರಿಗೆ, ಬೇರೆಯವರ ನಾಯಿನ ದುಡ್ಡಿಗೆ ಇಟ್ಕೊಳೋರಿಗೆ. ಐದು ನಾಯಿ ಅಂದ್ರೆ ಕೆನಲ್ಲೇ ಇರ್ಬೇಕು ಅಂದ್ಕೊಂಡು ಮೊದಲು ಆ ಫಾರಂ ತುಂಬಿ ಕೊಟ್ಟೆ, ಅದು ವ್ಯಾಪಾರದ ಬಳಕೆ, ವಸತಿ ಪ್ರದೇಶದಲ್ಲಿ ಆಗಲ್ಲ ಅಂತ ತಿರಸ್ಕಾರ ಆಗಿ ವಾಪಸ್ ಬಂತು. ಕೌಂಟರಲ್ಲಿದ್ದವರೇ ಆ ಫಾರಂ ಕೊಟ್ಟಿದ್ರು, ಎರಡನೇ ಸಲ ಹೋದಾಗ ಬೇರೆಯವರು ಇದ್ರು, ಅವರು ಬೇರೇನೇ ಹೇಳಿದ್ರು. ಅವತ್ತಿಂದ ಏನು ಕೇಳಿದ್ರೂ ಇಮೇಲಲ್ಲೇ ಕೇಳಿದೆ, ಉತ್ತರಾನೂ ಬರವಣಿಗೇಲೇ ತಗೊಂಡೆ. ಇದೊಂದರಿಂದ ಮುಂದೆ ತುಂಬಾ ಉಪಕಾರ ಆಯ್ತು. ಬಾಡಿಗೆ ಮನೆ ಆದ್ರೆ ಓನರ್ ಪತ್ರ ಬೇರೆ ಬೇಕಾಗತ್ತೆ, ಬಡಾವಣೆ ಸಂಘದ ಸ್ವಂತ ನಿಯಮ ಇದ್ರೆ ಅದನ್ನೂ ನೋಡ್ಕೋಬೇಕು, ಕಚೇರಿ ಪರ್ಮಿಟ್ ಸಿಕ್ತು ಅಂತ ಸಂಘದ ನಿಯಮ ಬಿದ್ದೋಗಲ್ಲ.

ಇನ್ನು ನಾಯಿಗಳ ಕಾಗದ. ರೇಬೀಸ್ ಲಸಿಕೆ ವಿಷಯದಲ್ಲಿ ಕಚೇರಿಯವರು ಒಂದಿಷ್ಟೂ ಬಿಟ್ಟುಕೊಡಲ್ಲ, ಬಿಟ್ಟುಕೊಡಬಾರ್ದು ಕೂಡ. ಆ ಕಾಯಿಲೆ ಲಕ್ಷಣ ಕಾಣಿಸ್ಕೊಂಡ್ಮೇಲೆ ಬದುಕೋದು ಇಲ್ಲವೇ ಇಲ್ಲ ಅನ್ನೋಷ್ಟು ಅಪರೂಪ, ಮನುಷ್ಯರಿಗೆ ಬರೋದರಲ್ಲಿ ನೂರಕ್ಕೆ 99 ಭಾಗ ನಾಯಿ ಕಡಿತದಿಂದಾನೇ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ. ಸಾಮಾನ್ಯವಾಗಿ ಮೂರು ತಿಂಗಳ ವಯಸ್ಸಿಗೆ ಮೊದಲ ಚುಚ್ಚುಮದ್ದು, ಒಂದು ವರ್ಷ ಆದ್ಮೇಲೆ ಬೂಸ್ಟರ್, ಆಮೇಲೆ ಲಸಿಕೆ ಮತ್ತೆ ಅಲ್ಲಿನ ನಿಯಮ ನೋಡ್ಕೊಂಡು ವರ್ಷಕ್ಕೋ ಮೂರು ವರ್ಷಕ್ಕೋ. ಮೊದಲ ಡೋಸ್ ಹಾಕ್ಸಿದ ತಕ್ಷಣ ಲೆಕ್ಕಕ್ಕೆ ಬರಲ್ಲ, ಮೂರ್ನಾಲ್ಕು ವಾರ ಆದ್ಮೇಲೆ ಅದು ಸಿಂಧು ಅಂತ ಎಷ್ಟೋ ಕಡೆ ನಿಯಮ, ಹಾಗಾಗಿ ಹೊಸ ನಾಯಿ ಇದ್ರೆ ಆ ದಿನಗಳನ್ನ ಮೊದಲೇ ಕೂಡಿಸ್ಕೊಳಿ. ಐದೂ ನಾಯಿಗೆ ಐದು ತಾರೀಖು ಇದ್ದಾಗ ಒಂದಲ್ಲ ಒಂದು ಮರ್ತೋಗತ್ತೆ, ನಾನು ಡಾಕ್ಟರ್ ಹತ್ರ ಮಾತಾಡಿ ಎಲ್ಲಾ ಒಂದೇ ತಿಂಗಳಿಗೆ ತಂದೆ, ಯಾವುದನ್ನೂ ತಡ ಮಾಡ್ದೆ, ಕೆಲವನ್ನ ಸ್ವಲ್ಪ ಮುಂಚೆ ಹಾಕ್ಸಿ.

ಮೈಕ್ರೋಚಿಪ್ ಕಡೆ ಇನ್ನೂ ಜಾಸ್ತಿ ಗಮನ ಕೊಡಿ. ಅಕ್ಕಿಕಾಳಿನಷ್ಟು ದೊಡ್ಡದು, ಭುಜಗಳ ಮಧ್ಯೆ ಚರ್ಮದ ಕೆಳಗೆ ಹಾಕ್ತಾರೆ, ಅದ್ರೊಳಗೆ ಬ್ಯಾಟರಿ ಇಲ್ಲ, ಹೆಸರು ವಿಳಾಸನೂ ಇಲ್ಲ, ಬರೀ ಒಂದು ನಂಬರ್, ಈಗಿನ ಐಎಸ್ಒ (ಅಂತರರಾಷ್ಟ್ರೀಯ ಮಾನದಂಡದ) ಚಿಪ್ಪಲ್ಲಿ 15 ಅಂಕಿ. ಸ್ಕ್ಯಾನರ್ ಹಿಡಿದ್ರೆ ನಂಬರ್ ಕಾಣತ್ತೆ, ಆ ನಂಬರ್ ಯಾರದ್ದು ಅನ್ನೋದು ಡೇಟಾಬೇಸಲ್ಲಿ ಇರತ್ತೆ. ಗುಂಡನ ಲಸಿಕೆ ಸರ್ಟಿಫಿಕೇಟಲ್ಲಿ ಆ 15 ಅಂಕೀಲಿ ಒಂದು ತಪ್ಪಾಗಿ ಟೈಪ್ ಆಗಿತ್ತು, ಅಷ್ಟಕ್ಕೇ ಇಡೀ ಅರ್ಜಿ ವಾಪಸ್, ಯಾಕಂದ್ರೆ ಕಾಗದದ ಪ್ರಕಾರ ಲಸಿಕೆ ಆಗಿದ್ದು ಬೇರೆ ಯಾವುದೋ ನಾಯಿಗೆ. ಚಿನ್ನಿದು ಇನ್ನೊಂಥರ, ಚಿಪ್ ಇತ್ತು, ಆದ್ರೆ ಡೇಟಾಬೇಸಲ್ಲಿ ತೀರ್ಕೊಂಡ ನಮ್ಮ ಸಂಬಂಧಿಕರ ಹೆಸರೇ ಇತ್ತು, ಅವಳೇನಾದ್ರೂ ಕಳ್ದೋಗಿದ್ರೆ ಎತ್ತೋರೇ ಇಲ್ಲದ ಫೋನಿಗೆ ಕಾಲ್ ಹೋಗ್ತಿತ್ತು. ಅವಳ ಚಿಪ್ ಜರುಗಿ ಕಾಲಿನ ಹತ್ರ ಬೇರೆ ಹೋಗಿತ್ತು, ಮೊದಲ ಸಲ ಸಿಗಲೇ ಇಲ್ಲ, ಡಾಕ್ಟರ್ ಮೈಯೆಲ್ಲಾ ನಿಧಾನಕ್ಕೆ ಸ್ಕ್ಯಾನ್ ಮಾಡಿ ಹುಡುಕಿದ್ರು. ಅರ್ಜಿ ಹಾಕೋ ಮುಂಚೆ ಎಲ್ಲಾ ನಾಯಿಗಳನ್ನೂ ಒಮ್ಮೆ ಸ್ಕ್ಯಾನ್ ಮಾಡ್ಸಿ, ಬಂದ ನಂಬರ್ನ ಕಾಗದದ ಜೊತೆ ಒಂದೊಂದೇ ಅಂಕಿ ಹಿಡ್ಕೊಂಡು ತಾಳೆ ನೋಡಿ.

ಆದ್ರೆ ಕಾಗದ ಎಲ್ಲಾ ಸರಿ ಇದ್ರೂ ಪರ್ಮಿಟ್ ನಿಲ್ಲೋದು ಬೊಗಳೋದರ ಮೇಲೆ. ಅಕ್ಕಪಕ್ಕದವರ ಅಭಿಪ್ರಾಯ ಕೇಳೋ ಹಂತ ಒಂದಿರತ್ತೆ, ನಮಗೆ ಎರಡೂ ಪಕ್ಕ ಮತ್ತೆ ಹಿಂದಿನ ಮನೆಯವರ ಸಹಿ ಬೇಕಿತ್ತು. ನಾನು ಸಹಿಗೆ ಹೋಗೋ ಮುಂಚೆ ಎರಡು ವಾರ ತಡೆದೆ, ಅದು ನಾನು ಮಾಡಿದ್ದರಲ್ಲಿ ಒಳ್ಳೇ ಕೆಲಸ. ನಾವು ಮನೇಲಿಲ್ಲದಾಗ ಏನಾಗತ್ತೆ ಅಂತ ನಮಗೆ ಗೊತ್ತೇ ಇರಲ್ಲ, ಗೊತ್ತಿರೋದು ಪಕ್ಕದವರಿಗೆ ಮಾತ್ರ. ಹಳೇ ಫೋನನ್ನ ರೆಕಾರ್ಡಿಂಗ್‌ಗೆ ಇಟ್ಟು ಹೊರಗೆ ಹೋಗ್ತಿದ್ದೆ, ಬಂದು ಕೇಳಿ ಎಷ್ಟೊತ್ತಿಗೆ ಯಾರು ಶುರು ಮಾಡಿದ್ರು ಅಂತ ಬರ್ಕೊತಿದ್ದೆ. ಐದೂ ಬೊಗಳತ್ತೆ ಅಂತ ನಾನು ಅಂದ್ಕೊಂಡಿದ್ದೆ, ನಿಜ ಅಂದ್ರೆ ಶುರು ಮಾಡ್ತಿದ್ದಿದ್ದು ಯಾವಾಗ್ಲೂ ಬೆಳ್ಳಿ, ಗೇಟಿನ ಸಂದಿಯಿಂದ ಯಾರಾದ್ರೂ ಹೋಗೋದು ಕಂಡ ತಕ್ಷಣ, ಉಳಿದವು ಬರೀ ಅವಳ ಹಿಂದೆ ದನಿ ಸೇರಿಸ್ತಿದ್ವು. ಶಬ್ದದ ಲೆಕ್ಕದಲ್ಲಿ ಒಂದು ನಾಯಿ ಐದಾದ್ರೆ ಡೆಸಿಬೆಲ್ ಐದು ಪಟ್ಟು ಆಗಲ್ಲ, ಸುಮಾರು 7 ಡೆಸಿಬೆಲ್ ಏರತ್ತೆ ಅಷ್ಟೇ, ಆದ್ರೆ ಒಂದು ನಿಲ್ಲಿಸಿದ್ರೆ ಇನ್ನೊಂದು ಹಿಡ್ಕೊಳ್ಳತ್ತೆ, ಎರಡು ನಿಮಿಷದ್ದು ಇಪ್ಪತ್ತು ನಿಮಿಷ ಆಗತ್ತೆ, ಪಕ್ಕದವರಿಗೆ ಸಾಕಾಗೋದು ಅಲ್ಲಿ.

ಅದಕ್ಕೆ ಗೇಟಿಗೂ ಮುಂದಿನ ಬೇಲಿಗೂ ಒಳಗಿಂದ ಕಾಣದ ಹಾಗೆ ಹಲಗೆ ಹೊಡೆಸಿದ್ವಿ, ಕೆಳಗೆ ಸಂದಿ ಬಿಡದೆ. ಅದೇ ಅರ್ಧ ಕೆಲಸ ಮಾಡ್ತು, ಕಾಣದೇ ಇದ್ರೆ ಬೆಳ್ಳಿಗೆ ಬೊಗಳೋಕೆ ಕಾರಣಾನೇ ಇಲ್ಲ. ಮಲಗೋ ಜಾಗನ ರಸ್ತೆ ಕಡೆ ಗೋಡೆಯಿಂದ ಹಿಂದಕ್ಕೆ ತಂದ್ವಿ. ಬಯಲಲ್ಲಿ ದೂರ ಎರಡರಷ್ಟಾದ್ರೆ ಶಬ್ದ ಸುಮಾರು 6 ಡೆಸಿಬೆಲ್ ಇಳಿಯತ್ತೆ, ಪಕ್ಕದ ಮನೆ ಕಿಟಕಿಯಿಂದ ನಾಲ್ಕು ಮೀಟರ್ ಇದ್ದಿದ್ದು ಎಂಟು ಮೀಟರ್ ಆದ್ರೂ ಅವರಿಗೆ ಗೊತ್ತಾಗತ್ತೆ. ನಾವು ಹೊರಗೆ ಹೋಗೋವಾಗ ಬೆಳ್ಳಿನ ಹಿಂದಿನ ರೂಮಲ್ಲಿ, ಅಗಿಯೋಕೆ ಏನಾದ್ರೂ ಕೊಟ್ಟು, ಬೇರೆ ಇಡೋಕೆ ಶುರು ಮಾಡಿದ್ವಿ. ಎರಡನೇ ವಾರದ ರೆಕಾರ್ಡಿಂಗ್ ಬಹುಪಾಲು ಮೌನ.

ಆಮೇಲೆ ಹೋದೆ ಸಹಿಗೆ. ಒಂದು ಪಕ್ಕದ ಅಜ್ಜ ನಾನು ಬಾಯಿ ಬಿಡೋ ಮುಂಚೆನೇ, "ಏನಮ್ಮಾ, ಹೋದ ವಾರದಿಂದ ಸದ್ದೇ ಇಲ್ಲ, ನಾಯಿಗಳನ್ನ ಕೊಟ್ಬಿಟ್ರಾ?" ಅಂದ್ರು. ಹಿಂದಿನ ಮನೆ ಅಕ್ಕ ಮಾತ್ರ ಸಹಿ ಹಾಕಲ್ಲ ಅಂದ್ರು. ನಾನು ವಾದ ಮಾಡ್ಲಿಲ್ಲ, ಏನು ತೊಂದ್ರೆ ಆಗ್ತಿದೆ ಹೇಳಿ ಅಕ್ಕಾ ಅಂತ ಕೇಳಿ ಸುಮ್ನೆ ಕೂತೆ. ಅವರು ನರ್ಸ್, ರಾತ್ರಿ ಪಾಳಿ ಮುಗಿಸಿ ಬಂದು ಬೆಳಿಗ್ಗೆ ಮಲಗೋದು, ನಾವು ಸರಿಯಾಗಿ ಆ ಹೊತ್ತಿಗೇ ಎಲ್ಲಾ ನಾಯಿನೂ ಹಿತ್ಲಿಗೆ ಬಿಡ್ತಿದ್ವಿ. ಎರಡು ವರ್ಷ ಅವರು ಆ ನಿದ್ದೆಗೆಟ್ಟು ಒಂದು ಮಾತೂ ಆಡಿರ್ಲಿಲ್ಲ. ಅದನ್ನ ಕೇಳಿ ನನಗೆ ತುಂಬಾ ಬೇಜಾರಾಯ್ತು, ಕ್ಷಮಿಸಿ ಅಕ್ಕಾ ಅಂದೆ, ಆ ದಿನಾನೇ ಹಿತ್ಲಿಗೆ ಬಿಡೋ ಹೊತ್ತು ಬದಲಾಯಿಸಿದ್ವಿ, ಅವರ ಪಾಳಿ ಬದಲಾದಾಗ ಒಂದು ಮೆಸೇಜ್ ಹಾಕಿ ಅಂತ ನಂಬರ್ ಕೊಟ್ಟು ಬಂದೆ. ಹತ್ತು ದಿನ ಬಿಟ್ಟು ಅವರೇ ಬಂದು ಸಹಿ ಹಾಕಿ ಹೋದ್ರು. ದೂರು ಕೊಟ್ಟಿದ್ದು ಯಾರು ಅಂತ ನಾನು ಇವತ್ತಿನವರೆಗೂ ಹುಡುಕಿಲ್ಲ, ನೀವೂ ಹುಡುಕಬೇಡಿ, ಗೊತ್ತಾದ್ರೆ ಅವರ ಮುಖ ನೋಡೋದು ಕಷ್ಟ ಆಗತ್ತೆ, ಮತ್ತೆ ಅವರು ಹೇಳಿದ್ದರಲ್ಲಿ ನಿಜ ಇತ್ತು.

ಗಲೀಜಿನ ವಿಷ್ಯ. ಎಷ್ಟು ನಾಯಿ ಅನ್ನೋದಕ್ಕಿಂತ ಎಷ್ಟು ದಿನಕ್ಕೊಮ್ಮೆ ತೆಗೀತೀರಿ ಅನ್ನೋದು ಇನ್‌ಸ್ಪೆಕ್ಷನಲ್ಲಿ ಮೊದಲ ಪ್ರಶ್ನೆ. ಜಂತುಹುಳದ ಮೊಟ್ಟೆ, ಟಾಕ್ಸೊಕಾರ ಅಂತಾರಲ್ಲ ಅದು, ಮಲದ ಜೊತೆ ಬಂದ ತಕ್ಷಣ ಅಂಟಲ್ಲ, ಮಣ್ಣಲ್ಲಿ ಎರಡು ಮೂರು ವಾರ ಬಲಿತು ಆಮೇಲೆ ಅಂಟೋ ಹಂತಕ್ಕೆ ಬರತ್ತೆ, ಒಮ್ಮೆ ಮಣ್ಣು ಸೇರಿದ್ರೆ ವರ್ಷಗಟ್ಟಲೆ ಉಳಿಯತ್ತೆ, ಮಣ್ಣಲ್ಲಿ ಆಡೋ ಮಕ್ಕಳಿಗೆ ಅಪಾಯ. ಅಂದ್ರೆ ದಿನಾ ತೆಗೆದ್ರೆ ಅದಕ್ಕೆ ಬಲಿಯೋಕೆ ಸಮಯಾನೇ ಸಿಗಲ್ಲ. ನಾವು ದಿನಕ್ಕೆರಡು ಸಲ ತೆಗೆದು ಮುಚ್ಚಳ ಇರೋ ಡಬ್ಬೀಲಿ ಹಾಕ್ತೀವಿ, ಮಳೆನೀರು ಚರಂಡಿಗೆ ತೊಳೆದು ಬಿಡಲ್ಲ, ತರಕಾರಿ ಪಾತಿ ಗೊಬ್ಬರಕ್ಕೂ ಹಾಕಲ್ಲ. ಊಟದ ತಟ್ಟೆ ತಿಂದ ತಕ್ಷಣ ಎತ್ತಿಡ್ತೀವಿ, ಉಳಿದಿದ್ದಕ್ಕೆ ಇಲಿ ಬರತ್ತೆ, ಇಲಿ ಮೂತ್ರದಿಂದ ಲೆಪ್ಟೊಸ್ಪೈರೋಸಿಸ್ ಅನ್ನೋ ಕಾಯಿಲೆ ನಾಯಿಗೂ ಬರತ್ತೆ ನಮಗೂ ಬರತ್ತೆ.

ನಕ್ಷೆ ಕೈಯಲ್ಲೇ ಬರ್ದೆ, ಇಂಜಿನಿಯರ್ ಬೇಕಿರ್ಲಿಲ್ಲ. ಬೇಲಿ ಎತ್ತರ, ಮಲಗೋ ಜಾಗದಿಂದ ಪ್ರತಿ ಪಕ್ಕದ ಮನೆಗೆ ಎಷ್ಟು ಮೀಟರ್, ನೆರಳೆಲ್ಲಿ, ನೀರೆಲ್ಲಿ, ಇಷ್ಟು. ಇನ್‌ಸ್ಪೆಕ್ಷನ್‌ಗೆ ಬಂದ ಮೇಡಂ ಮುಕ್ಕಾಲು ಗಂಟೆ ಇದ್ರು, ಬೇಲಿ ಕೆಳಗೆ ಕಾಲಲ್ಲಿ ಒತ್ತಿ ನೋಡಿದ್ರು, ಒಂದೊಂದು ನಾಯಿನೂ ಸ್ಕ್ಯಾನ್ ಮಾಡಿದ್ರು, ಮರಿ ಆಗದ ಹಾಗೆ ಆಪರೇಷನ್ ಆಗಿದೆಯಾ ಅಂತ ಕೇಳಿದ್ರು. ಐದಕ್ಕೂ ಆಗಿತ್ತು, ಅದು ತುಂಬಾ ಸಹಾಯ ಆಯ್ತು, ಯಾಕಂದ್ರೆ ಹೆಣ್ಣು ನಾಯಿ ಒಂದು ಸಲ ಗಬ್ಬ ಆದ್ರೆ ಸುಮಾರು 63 ದಿನಕ್ಕೆ ಮರಿ, ಐದು ಇದ್ದಿದ್ದು ಹತ್ತಾಗೋಕೆ ಎರಡು ತಿಂಗಳು ಸಾಕು, ಅವರ ಭಯ ಅದೇ. ನನ್ನ ರೆಕಾರ್ಡಿಂಗ್ ಪಟ್ಟಿ ತೋರ್ಸಿದೆ, ಮೊದಲ ವಾರದ್ದು ಎರಡನೇ ವಾರದ್ದು ಎರಡೂ, ಕೆಟ್ಟದ್ದನ್ನ ಮುಚ್ಚಿಡಲಿಲ್ಲ. ಅವರು ಅದರ ಫೋಟೋ ತಗೊಂಡ್ರು.

ಪರ್ಮಿಟ್ ಬಂತು, ಷರತ್ತಿನ ಜೊತೆ. ವರ್ಷಕ್ಕೊಮ್ಮೆ ನವೀಕರಣ, ದೂರು ಬಂದ್ರೆ ಮತ್ತೆ ಪರಿಶೀಲನೆ, ಮನೆ ಬದಲಾಯಿಸಿದ್ರೆ ಹೊಸ ಅರ್ಜಿ. ಒಂದ್ವೇಳೆ ನಿಮ್ಮ ಅರ್ಜಿ ತಿರಸ್ಕಾರ ಆದ್ರೆ ಕಾರಣನ ಬರವಣಿಗೇಲಿ ಕೇಳಿ, ಮೇಲ್ಮನವಿಗೆ ಕೊನೇ ದಿನ ಯಾವುದು ಅನ್ನೋದನ್ನ ಅದೇ ದಿನ ಕ್ಯಾಲೆಂಡರಲ್ಲಿ ಗುರುತು ಹಾಕಿ, ಆ ಗಡುವು ದಾಟಿದ್ರೆ ಎಷ್ಟು ಒಳ್ಳೇ ಕಾರಣ ಇದ್ರೂ ಕೇಳೋರಿಲ್ಲ.

ನಾನು ಗಮನಿಸದೇ ಸಹಿ ಹಾಕಿದ ಒಂದು ಷರತ್ತು ಇತ್ತು. ಪರ್ಮಿಟ್ ಐದು ನಾಯಿಗೆ ಅಲ್ಲ, ಈ ಐದು ನಾಯಿಗೆ. ಹೆಸರು, ಬಣ್ಣ, ಚಿಪ್ ನಂಬರ್ ಸಮೇತ. ಒಂದು ಹೋದ್ರೆ ಆ ಜಾಗಕ್ಕೆ ಇನ್ನೊಂದು ತರೋ ಹಾಗಿಲ್ಲ, ಮಿತಿಗೆ ಇಳಿಯೋವರೆಗೂ ಸಂಖ್ಯೆ ಇಳೀತಾನೇ ಹೋಗ್ಬೇಕು. ಬಹಳ ಕಡೆ ಹೀಗೇ ಇರತ್ತೆ, ಓದ್ಕೊಂಡು ಸಹಿ ಹಾಕಿ. ನನಗೆ ಮೊದಲು ಇದು ಕಠಿಣ ಅನ್ನಿಸ್ತು, ಈಗ ಅನ್ಸಲ್ಲ, ಇರೋ ಐದನ್ನ ಉಳಿಸ್ಕೊಳೋಕೇ ತಾನೆ ನಾವು ಅಷ್ಟು ಓಡಾಡಿದ್ದು. ರಾಣಿಗೆ ಬೇರೆ ಮನೆ ಹುಡುಕೋದನ್ನ ನಿಲ್ಲಿಸಿದ್ವಿ, ಪಟ್ಟೀಲಿ ಅವಳ ಹೆಸರು ಬಂದ್ಮೇಲೆ ಅವಳು ನಮ್ಮವಳೇ.

ಈ ವರ್ಷದ ನವೀಕರಣದ ಫಾರಂ ಹೋದ ವಾರ ತುಂಬಿದೆ. ಕರಿಯನಿಗೆ ಹದಿನಾಲ್ಕು ವರ್ಷ ಆಗಿತ್ತು, ಚಳಿಗಾಲದಲ್ಲಿ ನಿದ್ದೇಲೇ ಹೋದ. ಅವನ ಸಾಲಿನ ಮುಂದೆ ತಾರೀಖು ಬರೀಬೇಕಿತ್ತು, ಬರ್ದೆ, ಚಿಪ್ ನಂಬರ್ ಮಾತ್ರ ನೋಡ್ಕೊಳ್ದೇನೇ ಬಂತು, ಹದಿನೈದೂ ಅಂಕಿ.