ಯಾವ ರಾಕೆಟ್ ಹೆಚ್ಚು ನಂಬಿಗಸ್ತ? ಹೋಲಿಸಿ ನೋಡುವ ಕ್ರಮ

ಹೊಸ ಬೋಟೊಂದು ಎಂಟು ಸಲ ಕಡಲಿಗಿಳಿದು ಎಂಟು ಸಲವೂ ಎಂಜಿನ್ ಕೆಡದೆ ಮರಳಿದೆ ಎಂದು ಕಾರವಾರದ ಬೈತಖೋಲ್ ಬಂದರಿನಲ್ಲಿ ಹೇಳಿದರೆ, ಬೋಟು ನಡೆಸಿ ಪಳಗಿದ ತಾಂಡೇಲರು ‘ಇನ್ನೊಂದೆರಡು ಹಂಗಾಮು ದುಡಿಯಲಿ, ನೋಡೋಣ’ ಎಂದಾರು. 2025ರ ನವೆಂಬರ್ ಕೊನೆಯವರೆಗೆ ಎಂಟಕ್ಕೆ ಎಂಟು ಗೆದ್ದ ಇಸ್ರೋದ ಎಲ್‌ವಿಎಂ-3 ರಾಕೆಟ್ಟನ್ನು, 63 ಸಲ ಹಾರಿ ಮೂರು ಬಾರಿ ಉಪಗ್ರಹ ಕಳೆದುಕೊಂಡ ಪಿಎಸ್‌ಎಲ್‌ವಿಯ ಪಕ್ಕದಲ್ಲಿಟ್ಟು ನೋಡುವಾಗಲೂ ಇದೇ ಎಚ್ಚರ ಬೇಕು.

ಮೊದಲು ನೋಟ್‌ಬುಕ್ಕಿನಲ್ಲಿ ಪ್ರತಿ ಉಡಾವಣೆಗೂ ಒಂದು ಸಾಲು ಮೀಸಲಿಟ್ಟು ದಿನಾಂಕ, ಮಾದರಿ, ಫಲಿತಾಂಶ ಮತ್ತು ಕೆಟ್ಟ ಭಾಗವನ್ನು ಬರೆದುಕೊಳ್ಳಿ. ಲೆಕ್ಕ ಯಾವಾಗ ನಿಲ್ಲಿಸಿದ್ದೆಂಬುದನ್ನೂ ಮೇಲೆಯೇ ನಮೂದಿಸಿ; ಇಲ್ಲಿನದು 2025ರ ನವೆಂಬರ್ ಕೊನೆಯದು.

ಬಳಿಕ ಸೋಲು ಎಂದರೇನೆಂದು ನಿರ್ಧರಿಸಬೇಕು. ಹೆಚ್ಚಿನ ತಕರಾರು ಹುಟ್ಟುವುದು ಇಲ್ಲಿಯೇ. 1997ರ ಪಿಎಸ್‌ಎಲ್‌ವಿ-ಸಿ1, ಐಆರ್‌ಎಸ್-1ಡಿ ಉಪಗ್ರಹವನ್ನು ಸುಮಾರು 817 ಕಿಲೋಮೀಟರ್ ಎತ್ತರದ ವೃತ್ತಾಕಾರದ ಕಕ್ಷೆಯ ಬದಲು, ಒಂದು ತುದಿ ಭೂಮಿಗೆ 301 ಕಿಲೋಮೀಟರ್‌ಗಳಷ್ಟು ಹತ್ತಿರ ಬರುವ ದೀರ್ಘವೃತ್ತಾಕಾರದ ಕಕ್ಷೆಯಲ್ಲಿ ಬಿಟ್ಟಿತು. ಉಪಗ್ರಹವು ತನ್ನದೇ ಇಂಧನ ಸುಟ್ಟು ಕಕ್ಷೆಯನ್ನು ಸರಿಪಡಿಸಿಕೊಂಡು ವರ್ಷಗಟ್ಟಲೆ ದುಡಿಯಿತಾದರೂ ಅದರ ಶ್ರೇಯ ರಾಕೆಟ್ಟಿಗೆ ಸಲ್ಲದು. ನನ್ನ ಪುಸ್ತಕದಲ್ಲಿ ಅದು ಸೋಲೇ. ಹಾಗೆಯೇ 2014ರ ಡಿಸೆಂಬರಿನಲ್ಲಿ ಹಾರಿದ ಎಲ್‌ವಿಎಂ-3, ಕ್ರಯೋಜೆನಿಕ್ ಹಂತವನ್ನು (ಅತಿ ತಣ್ಣಗಿನ ದ್ರವ ಇಂಧನದ ಮೇಲಿನ ಹಂತ) ಉರಿಸದೆ ನಡೆಸಿದ ಪ್ರಯೋಗವಾಗಿತ್ತು. ಕಕ್ಷೆ ಸೇರುವುದು ಅದರ ಉದ್ದೇಶವೇ ಆಗಿರಲಿಲ್ಲವಾದ್ದರಿಂದ ಅದನ್ನು ಬಿಡುತ್ತೇನೆ. ಈಗ ಉಳಿದದ್ದು ಏಳಕ್ಕೆ ಏಳು, ಅರವತ್ತಮೂರಕ್ಕೆ ಐವತ್ತೊಂಬತ್ತು.

ನೇರ ಶೇಕಡಾವಾರು ತೆಗೆದರೆ 100 ಮತ್ತು 93.7 ಬರುತ್ತದೆ. ಆದರೆ ಶೇಕಡಾ ನೂರು ನಂಬಿಗಸ್ತವಾದ ಯಂತ್ರವನ್ನು ಯಾರೂ ಕಂಡಿಲ್ಲ. ಆದ್ದರಿಂದ ಫ್ರೆಂಚ್ ಗಣಿತಜ್ಞ ಲಾಪ್ಲಾಸ್ ಹೆಸರಿನ ಸೂತ್ರದಂತೆ ಗೆಲುವಿಗೆ ಒಂದನ್ನೂ ಒಟ್ಟು ಹಾರಾಟಕ್ಕೆ ಎರಡನ್ನೂ ಕೂಡಿಸಿ ಭಾಗಿಸಿ. ಎಲ್‌ವಿಎಂ-3ಕ್ಕೆ ಒಂಬತ್ತರಲ್ಲಿ ಎಂಟು, ಅಂದರೆ ಶೇಕಡಾ 88.9, ಪಿಎಸ್‌ಎಲ್‌ವಿಗೆ ಅರವತ್ತೈದರಲ್ಲಿ ಅರವತ್ತು, ಅಂದರೆ 92.3. ಸ್ಥಾನ ಅದಲುಬದಲಾಯಿತು.

ಹಾಗೆಂದು ಪಿಎಸ್‌ಎಲ್‌ವಿಯೇ ಮೇಲೆಂದು ಈ ಅಂಕಿ ಸಾಧಿಸುವುದಿಲ್ಲ. ಮೂರು ಹಾರಾಟಕ್ಕೊಂದು ಸೋಲುವ ರಾಕೆಟ್ಟೂ ಸತತ ಏಳು ಸಲ ಗೆಲ್ಲುವ ಸಾಧ್ಯತೆ ಶೇಕಡಾ ಆರರಷ್ಟಿದೆ. ಮೂರನೇ ಎರಡನ್ನು ಏಳು ಸಲ ಗುಣಿಸಿದರೆ ನಿಮಗೇ ಸಿಗುತ್ತದೆ. ಏಳು ಹಾರಾಟಗಳಿಂದ ತಿಳಿಯುವುದು ಅಷ್ಟು ಕಡಿಮೆ.

ಕೊನೆಗೆ, ಕೆಟ್ಟ ಭಾಗದ ಕಾಲಮನ್ನು ಮೇಲಿನಿಂದ ಕೆಳಕ್ಕೆ ಓದಿ. 2017ರ ಪಿಎಸ್‌ಎಲ್‌ವಿ-ಸಿ39ರಲ್ಲಿ ಶಾಖ ಕವಚ ಕಳಚಿಕೊಳ್ಳದೆ ಉಪಗ್ರಹ ಅದರೊಳಗೇ ಸಿಕ್ಕಿಕೊಂಡಿತು. 2025ರ ಮೇ 18ರ ಸಿ61ರಲ್ಲಿ ಕೈಕೊಟ್ಟದ್ದು ಮೂರನೇ ಹಂತ. ಕಾರಣಗಳು ಬೇರೆಬೇರೆಯಾಗಿದ್ದು, ಹಳೆಯ ದೋಷ ಮರುಕಳಿಸದಿದ್ದರೆ ಅದನ್ನು ತಿದ್ದಿದ್ದಾರೆಂದು ಊಹಿಸಬಹುದು. ಒಂದೇ ಭಾಗ ಮತ್ತೆ ಮತ್ತೆ ಕೆಟ್ಟಿದ್ದರೆ ಮಾತ್ರ ಶೇಕಡಾವಾರು ಎಷ್ಟೇ ಚೆನ್ನಾಗಿರಲಿ, ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆಯಿರಿ. ಮಾದರಿ ಬದಲಾದಲ್ಲಿ ಎಣಿಕೆಯನ್ನೂ ಹೊಸದಾಗಿ ಶುರುಮಾಡಬೇಕು: ಇಸ್ರೋದ ಇನ್ನೊಂದು ರಾಕೆಟ್ಟಾದ ಜಿಎಸ್‌ಎಲ್‌ವಿ ಸ್ವದೇಶಿ ಕ್ರಯೋಜೆನಿಕ್ ಎಂಜಿನ್ ಹೊತ್ತು 2010ರ ಏಪ್ರಿಲ್‌ನಲ್ಲಿ ಸೋತು 2014ರ ಜನವರಿಯಲ್ಲಿ ಗೆದ್ದಿತು, ರಷ್ಯಾದ ಎಂಜಿನ್ನಿನಿಂದ ಹಾರಿದವುಗಳನ್ನು ಬೇರೆ ಪುಟದಲ್ಲಿ ಬರೆಯುವುದೇ ಸರಿ.